ಮುಧೋಳದ ಮಿತಾಹಾರಿ

ಬಾಗಲಕೋಟೆಯಿಂದ ಲೋಕಾಪುರದ ಮಾರ್ಗವಾಗಿ ಪಶ್ಚಿಮಕ್ಕೆ ಪಯಣಿಸುವವರಿಗೆ ಸುಮಾರು ೬೦ ಕಿಲೋಮೀಟರುಗಳ ಕೊನೆಯಲ್ಲಿ ಮುಧೋಳ ಪಟ್ಟಣ ಎದುರಾಗುತ್ತದೆ. ಘಟಪ್ರಭಾ ನದಿಯ ನೀರು ಹಾಯುವಲ್ಲಿ ಆಳೆತ್ತರದ ಕಬ್ಬು, ನೀರು ಹಾಯದಲ್ಲಿ ಜೋಳ. ಹಂಗಾಮಿನಲ್ಲಿ ಹಾದಿಯುದ್ದಕ್ಕೂ ಕಬ್ಬು ಹೇರಿದ ಗಾಡಿಗಳ ಸಾಲು. ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ಇದು ಕವಿಚಕ್ರವರ್ತಿ ರನ್ನನ ಜನ್ಮಸ್ಥಳ. ಹತ್ತನೆಯ ಶತಮಾನದಲ್ಲಿ ಬಳೆಗಾರರ ಕುಲದಲ್ಲಿ ಹುಟ್ಟಿ, ಚಾಲುಕ್ಯ ಚಕ್ರವರ್ತಿಗಳ ಆಸ್ಥಾನವನ್ನು ಬೆಳಗಿದ ಆ ಮಹಾಕವಿ ‘ಗದಾಯುದ್ಧ’ವನ್ನು ಕನ್ನಡಕ್ಕೆ ಕೊಟ್ಟನು. ಇತಿಹಾಸವನ್ನು ಬಲ್ಲವರಿಗೆ ಇದು ಘೋರ್ಪಡೆ ಮನೆತನದ ಅರಸರು ಆಳಿದ ಪುಟ್ಟ ಸಂಸ್ಥಾನ. ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾಗಿ, ೧೯೫೬ರಲ್ಲಿ ಕನ್ನಡನಾಡಿನ ಉಳಿದ ಭಾಗಗಳೊಡನೆ ಒಂದಾಯಿತು.

ಆದರೆ ನಾಡಿನ ಹೊರಗೆ ಮುಧೋಳದ ಹೆಸರನ್ನು ಹೇಳಿದರೆ ಕವಿಯೂ ಅರಸನೂ ಜನರ ನೆನಪಿಗೆ ಬರುವುದು ಅಪರೂಪ. ನೆನಪಿಗೆ ಬರುವುದು ನಾಯಿ!

ಊರಿನ ಸುತ್ತಣ ಹಳ್ಳಿಗಳಲ್ಲಿ ತೋಟದ ಮನೆಯ ಅಂಗಳಕ್ಕೆ ಕಾಲಿಟ್ಟವರಿಗೆ ಈ ಪ್ರಾಣಿಯ ದರ್ಶನವಾಗುತ್ತದೆ. ನೀಳವಾದ ಕಿರಿದಾದ ಮುಖ, ಆಳವಾದ ಎದೆ, ಬೆನ್ನಿಗೆ ಅಂಟಿಕೊಂಡಿತೋ ಎಂಬಂತೆ ಒಳಸರಿದ ಹೊಟ್ಟೆ, ಉದ್ದವಾದ ಕಾಲುಗಳು, ತೆಳ್ಳನೆಯ ಬಾಲ. ಎತ್ತರ ಎರಡೂಕಾಲು ಅಡಿಯ ಆಸುಪಾಸು. ತೂಕ ಮಾತ್ರ ಸುಮಾರು ೨೫ ಕಿಲೋಗ್ರಾಂ. ಮೈಮೇಲಿನ ಕೂದಲು ಎಷ್ಟು ಗಿಡ್ಡವೆಂದರೆ ಪಕ್ಕೆಲುಬಿನ ಕೊನೆಯ ಎರಡು ಮೂರು ಎಳೆಗಳನ್ನು ದೂರದಿಂದಲೇ ಎಣಿಸಬಹುದು. ಹೊಸಬರು ಬಂದರೆ ಅದು ಎದ್ದು ನಿಲ್ಲುತ್ತದೆ, ನೋಡುತ್ತದೆ, ಹತ್ತಿರ ಬರುವುದಿಲ್ಲ. ಮುಟ್ಟಹೋದರೆ ಹಿಂದೆ ಸರಿಯುತ್ತದೆ. ಪೇಟೆಯಿಂದ ಬಂದವರು ಕನಿಕರದಿಂದ ಬಿಸ್ಕತ್ತೊಂದನ್ನು ಚಾಚಿದರೆ ಅದನ್ನು ಮೂಸಿ, ಮುಖ ತಿರುಗಿಸಿ, ತನ್ನ ನೆರಳಿನ ಜಾಗಕ್ಕೆ ಮರಳಿ ಮಲಗುವುದೂ ಉಂಟು.

“ಪಾಪ, ಇದಕ್ಕೆ ಹೊಟ್ಟೆಗೆ ಹಾಕುವುದಿಲ್ಲವೇ?” ಎಂಬುದು ಹೊರಗಿನವರ ಮೊದಲ ಪ್ರಶ್ನೆ.

“ಉಪವಾಸ ಇಲ್ರೀ ಸರ, ಅದರ ಮೈಕಟ್ಟ ಹಂಗ ಐತಿ. ಹೊಟ್ಟಿ ಬಂತಂದ್ರ ಓಡತೈತೇನ್ರಿ ಅದು?” ಎಂಬುದು ಆ ಸೀಮೆಯ ಧಾಟಿಯ ಉತ್ತರ.

ಈ ಪ್ರಶ್ನೋತ್ತರದಲ್ಲಿಯೇ ಪೇಟೆಗೂ ಮುಧೋಳಕ್ಕೂ ಇರುವ ಅಂತರವೆಲ್ಲ ಅಡಗಿದೆ. ಒಬ್ಬರು ನಾಯಿಯ ಹೊಟ್ಟೆಯನ್ನು ನೋಡುತ್ತಾರೆ. ಇನ್ನೊಬ್ಬರು ಕಾಲನ್ನು ನೋಡುತ್ತಾರೆ.

ಓಟವೇ ಬಾಳಾದ ತಳಿ

ಮುಧೋಳದ ನಾಯಿ ಮೂಗಿನಿಂದ ಬೇಟೆಯಾಡುವ ಜಾತಿಯದಲ್ಲ, ಕಣ್ಣಿನಿಂದ ಬೇಟೆಯಾಡುವ ಜಾತಿಯದು. ಬಯಲಿನ ಅಂಚಿನಲ್ಲಿ ಮೊಲವೊಂದು ಕದಲಿದರೆ ಅದನ್ನು ಕಂಡು, ಬೆನ್ನಟ್ಟಿ, ಓಟದಲ್ಲಿಯೇ ಗೆಲ್ಲುವುದು ಇದರ ಹುಟ್ಟುಗುಣ. ಪಶ್ಚಿಮ ಏಷ್ಯದ ಸಲೂಕಿ ಮೊದಲಾದ ಓಟದ ನಾಯಿಗಳಿಗೆ ಇದು ದೂರದ ನೆಂಟನೆಂದೂ, ವರ್ತಕರ ಮತ್ತು ಸೈನಿಕರ ತಂಡಗಳ ಹಿಂದೆ ದಖ್ಖನಿಗೆ ಬಂದಿತೆಂದೂ ತಿಳಿದವರು ಊಹಿಸುತ್ತಾರೆ. ಭಾರತೀಯ ಕೆನಲ್ ಕ್ಲಬ್ಬಿನ ದಾಖಲೆಗಳಲ್ಲಿ ಇದಕ್ಕೆ ‘ಕಾರವಾನ್ ಹೌಂಡ್’ ಎಂಬ ಹೆಸರಿರುವುದು ಇದೇ ಕಾರಣದಿಂದ. ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಅಕ್ಕರೆಯಿಂದ ಪೋಷಿಸಿದರು. ಅವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದೂ, ಅಂದಿನಿಂದ ಊರಿನ ಹೆಸರೇ ನಾಯಿಗೆ ನಿಂತಿತೆಂದೂ ಪ್ರತೀತಿ ಇದೆ.

ಇಂದು ಬೇಟೆಯ ಕಾಲ ಮುಗಿದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಮೊಲದ ಬೇಟೆಯೂ ಅಪರಾಧವೇ. ನಾಯಿ ಈಗ ಹೊಲ ಕಾಯುತ್ತದೆ, ಮನೆ ಕಾಯುತ್ತದೆ. ಮರಿಗಳ ಮಾರಾಟದಿಂದ ಎಷ್ಟೋ ಬಡ ಕುಟುಂಬಗಳಿಗೆ ಆದಾಯವೂ ಉಂಟು. ಆದರೆ ಶತಮಾನಗಳ ಓಟದಿಂದ ರೂಪುಗೊಂಡ ಶರೀರ ಕಾಯಿದೆಯೊಡನೆ ಬದಲಾಗುವಂಥದಲ್ಲ. ಬೇಕಾದಷ್ಟನ್ನೇ ಉಂಡು, ಬೇಡವೆನಿಸಿದರೆ ಎದ್ದುಹೋಗುವ ಅಭ್ಯಾಸ ಇಂಥ ಓಟದ ನಾಯಿಗಳಲ್ಲಿ ಬಹಳವಾಗಿ ಕಾಣುತ್ತದೆ. ಕಂಡದ್ದನ್ನೆಲ್ಲ ಕಬಳಿಸುವ ಲ್ಯಾಬ್ರಡಾರ್ ನಾಯಿಯನ್ನು ಸಾಕಿ ಬಲ್ಲವರಿಗೆ ಇದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ.

ಹಳ್ಳಿಯ ಮನೆಯಲ್ಲಿ ಇದಕ್ಕೆ ಬಡಿಸುವುದಾದರೂ ಏನನ್ನು? ಮನೆಯವರು ಉಣ್ಣುವ ಜೋಳದ ರೊಟ್ಟಿಯನ್ನೇ ಮುರಿದು ಹಾಲಿನಲ್ಲಿ ನೆನೆಸಿ ಇಡುತ್ತಾರೆ. ಗೋವಿನಜೋಳದ ಹಿಟ್ಟನ್ನು ಕುದಿಸಿ ಆರಿಸಿ ಕೊಡುವುದುಂಟು. ಅನುಕೂಲವಿದ್ದಲ್ಲಿ ತತ್ತಿ, ಮಾಂಸ. ಮಾಂಸಾಹಾರಿಯಾದ ಪ್ರಾಣಿಗೆ ರೊಟ್ಟಿಯೇ ಎಂದು ಹುಬ್ಬೇರಿಸುವವರು ಒಂದು ಸಂಗತಿಯನ್ನು ಅರಿಯಬೇಕು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ೨೦೧೩ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪಿಷ್ಟವನ್ನು ಜೀರ್ಣಿಸುವ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಯಲ್ಲಿ ಅವುಗಳ ಹಲವು ಪಟ್ಟು ಇವೆ. ಮನುಷ್ಯನು ಕೃಷಿಕನಾದಾಗ ಅವನ ಬಾಗಿಲಲ್ಲಿ ಕುಳಿತ ನಾಯಿಯೂ ಧಾನ್ಯವನ್ನು ಅರಗಿಸಿಕೊಳ್ಳಲು ಕಲಿಯಿತೆಂಬುದು ಇದರ ತಾತ್ಪರ್ಯ. ಆದರೆ ಬೆಳೆಯುವ ಮರಿಗೆ ರೊಟ್ಟಿ ಹಾಲುಗಳಷ್ಟೇ ಸಾಲವು. ಬರಿಯ ಮಾಂಸವೂ ಸಲ್ಲದು. ಸುಣ್ಣದ ಅಂಶ ಕಡಿಮೆಯಾದ ಬರಿಯ ಮಾಂಸವನ್ನುಂಡು ಬೆಳೆದ ಮರಿಯ ಮೂಳೆಗಳು ಬಲಹೀನವಾಗುತ್ತವೆ. ಧಾನ್ಯ, ತತ್ತಿ, ಮಾಂಸ, ತರಕಾರಿಗಳು ಹದವರಿತು ಸೇರಬೇಕು. ಹಾಲು ಒಗ್ಗದೆ ಭೇದಿಗೆ ತುತ್ತಾಗುವ ನಾಯಿಗಳೂ ಉಂಟೆಂಬುದನ್ನು ಮರೆಯಬಾರದು.

ಪೇಟೆಯ ಉಪಚಾರ

ಈಗ ಮುಧೋಳದ ಮರಿಯೊಂದು ಬುಟ್ಟಿಯಲ್ಲಿ ಕುಳಿತು ಬೆಂಗಳೂರಿಗೋ ಪುಣೆಗೋ ಪ್ರಯಾಣ ಬೆಳೆಸಿತೆಂದು ಭಾವಿಸೋಣ. ಹೊಸ ಮನೆ, ಹೊಸ ವಾಸನೆ, ಹೊಸ ಕೈಗಳು; ಒಡಹುಟ್ಟಿದ ಮರಿಗಳಿಲ್ಲ, ತಾಯಿಯಿಲ್ಲ. ಮೊದಲ ದಿನ ಅದು ಉಣ್ಣುವುದಿಲ್ಲ. ಅದು ಅಗಲಿಕೆಯ ದುಃಖ, ಬಿಂಕವಲ್ಲ. ಆದರೆ ಮನೆಯವರಿಗೆ ಗಾಬರಿ. ರೊಟ್ಟಿ ಬೇಡವೇ? ಇಗೋ ತುಪ್ಪದನ್ನ. ತುಪ್ಪದನ್ನವೂ ಬೇಡವೇ? ಇಗೋ ಕೋಳಿಯ ಸಾರಿನ ಅನ್ನ. ಅಜ್ಜಿ ಬೆಲ್ಲ ಕಲಸಿದ ಹಾಲನ್ನು ತರುತ್ತಾಳೆ. ಮಕ್ಕಳು ಮೇಜಿನ ಕೆಳಗಿನಿಂದ ಬಿಸ್ಕತ್ತನ್ನು ದಾಟಿಸುತ್ತಾರೆ. ಯಜಮಾನರು ಕಚೇರಿಯಿಂದ ಬಂದವರೇ ಕೈತುತ್ತು ಮಾಡಿ ಬಾಯಿಗಿಡುತ್ತಾರೆ. ಮರಿ ಎರಡು ತುತ್ತು ತಿಂದರೆ ಮನೆಯಲ್ಲಿ ಹಬ್ಬ.

ಮುಧೋಳದ ನಾಯಿಯಾದರೋ ಚುರುಕಾದ ಪ್ರಾಣಿ. ಒಂದು ಬಟ್ಟಲನ್ನು ನಿರಾಕರಿಸಿದರೆ ಅದಕ್ಕಿಂತ ರುಚಿಯಾದ ಇನ್ನೊಂದು ಬರುತ್ತದೆ, ಅದನ್ನೂ ನಿರಾಕರಿಸಿದರೆ ಮನೆಮಂದಿಯೆಲ್ಲ ಸುತ್ತ ಕುಳಿತು ಮುದ್ದಿಸುತ್ತಾರೆ ಎಂಬ ಪಾಠವನ್ನು ಅದು ವಾರದೊಳಗೆ ಕಲಿಯುತ್ತದೆ. ಆಮೇಲೆ ಸುರುವಾಗುತ್ತದೆ ನಿಜವಾದ ರಗಳೆ. ನಿನ್ನೆ ಚಪ್ಪರಿಸಿದ ಪದಾರ್ಥ ಇಂದು ಬೇಡ. ಬಟ್ಟಲಿನಲ್ಲಿಟ್ಟದ್ದು ಬೇಡ, ಕೈಯಲ್ಲಿದ್ದರೆ ಆದೀತು. “ನಮ್ಮ ನಾಯಿಗೆ ಏನೂ ಸೇರುವುದಿಲ್ಲ” ಎಂದು ಮನೆಯೊಡತಿ ನೆರೆಯವರಲ್ಲಿ ಹೇಳಿಕೊಳ್ಳುವಾಗ ಆ ಮಾತಿನಲ್ಲಿ ಅಳಲಿನ ಜೊತೆಗೆ ತುಸು ಹೆಮ್ಮೆಯೂ ಬೆರೆತಿರುತ್ತದೆ!

ಇನ್ನು ಲೆಕ್ಕವನ್ನು ನೋಡುವುದಾದರೆ, ೨೫ ಕಿಲೋ ತೂಕದ ಪ್ರಾಯದ ನಾಯಿಗೆ ದಿನವೊಂದಕ್ಕೆ ಸುಮಾರು ೧,೨೦೦ ಕ್ಯಾಲೊರಿಯ ಆಹಾರ ಸಾಕು. ಕಟ್ಟಿಹಾಕಿದ ನಾಯಿಗೆ ಇನ್ನೂ ಕಡಿಮೆ. ಪೇಟೆಯಲ್ಲಿ ಮಾರುವ ಸಾಮಾನ್ಯ ಬಿಸ್ಕತ್ತು ನೂರು ಗ್ರಾಮಿಗೆ ಸುಮಾರು ೪೫೦ ಕ್ಯಾಲೊರಿ. ಮಕ್ಕಳ ಕೈಯಿಂದ ಒಂದು ಪೊಟ್ಟಣ, ಅಜ್ಜಿಯ ಕೈಯಿಂದ ಒಂದು ಬಟ್ಟಲು ಸಿಹಿ ಹಾಲು—ಇಷ್ಟರಲ್ಲಿಯೇ ದಿನದ ಅರ್ಧ ಊಟ ಮುಗಿದಿರುತ್ತದೆ. ರಾತ್ರಿಯ ಬಟ್ಟಲನ್ನು ಅದು ಮೂಸಿ ಬಿಟ್ಟರೆ ತಪ್ಪು ಯಾರದು? ಉಂಡವನನ್ನು ಪುನಃ ಎಲೆಯ ಮುಂದೆ ಕೂರಿಸಿ “ಉಣ್ಣಲೊಲ್ಲ” ಎಂದು ದೂರುವುದು ನ್ಯಾಯವಲ್ಲ.

ಬಟ್ಟಲನ್ನು ಎತ್ತಿಡುವ ಧೈರ್ಯ

ಪಶುವೈದ್ಯರು ಹೇಳುವ ಉಪಾಯ ಸರಳವಾದುದು. ಅನುಸರಿಸಲು ಮಾತ್ರ ಮನಸ್ಸು ಗಟ್ಟಿಯಾಗಬೇಕು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ಗೊತ್ತಾದ ವೇಳೆಗೆ, ಗೊತ್ತಾದ ಜಾಗದಲ್ಲಿ ಬಟ್ಟಲನ್ನು ಇಡಬೇಕು. ಇಟ್ಟವರು ಅಲ್ಲಿಯೇ ನಿಂತು ಬಾಯಿ ನೋಡುತ್ತ, ಲಲ್ಲೆಗರೆಯುತ್ತ ಇರಬಾರದು. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಉಂಡರೆ ಸರಿ. ಉಣ್ಣದಿದ್ದರೆ ಸಿಟ್ಟಾಗದೆ, ಮಾತಾಡದೆ, ಬಟ್ಟಲನ್ನು ಎತ್ತಿಡಬೇಕು. ಮುಂದಿನ ಹೊತ್ತಿನವರೆಗೆ ನೀರಲ್ಲದೆ ಬೇರೇನೂ ಇಲ್ಲ. ಮನೆಯ ಎಲ್ಲರೂ ಈ ಕಟ್ಟಳೆಗೆ ಒಳಪಡಬೇಕು. ಒಬ್ಬರು ಕದ್ದು ಕೊಟ್ಟರೂ ವ್ರತಭಂಗವಾದಂತೆಯೇ. ಆರೋಗ್ಯವಾದ, ಪ್ರಾಯದ ನಾಯಿ ಒಂದು ಹೊತ್ತು ಬಿಟ್ಟರೆ ಕೆಡುವುದಿಲ್ಲ. ಎರಡನೆಯ ಹೊತ್ತಿಗೋ ಮೂರನೆಯ ಹೊತ್ತಿಗೋ ಬಟ್ಟಲಿಗೆ ಬರುತ್ತದೆ.

ಇದು ಮೂರು ನಾಲ್ಕು ತಿಂಗಳ ಮರಿಗೆ ಹೇಳಿದ ಮಾತಲ್ಲ. ಮರಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು. ಅದನ್ನು ಉಪವಾಸ ಕೆಡವುವುದು ಅಪಾಯ. ಹಾಲೂಡುವ ತಾಯಿಗೂ, ಮುದಿ ನಾಯಿಗೂ, ರೋಗದಿಂದ ಎದ್ದ ನಾಯಿಗೂ ಈ ನಿಯಮ ಸಲ್ಲದು. ಬಟ್ಟಲನ್ನು ಎತ್ತಿಡುವುದು ಶಿಕ್ಷೆಯಲ್ಲ. ಊಟಕ್ಕೆ ಒಂದು ವೇಳೆಯುಂಟೆಂದು ತಿಳಿಸುವ ಕ್ರಮ.

ಆಹಾರವನ್ನು ಬದಲಿಸಬೇಕಾದರೆ ಒಂದೇ ದಿನದಲ್ಲಿ ಬದಲಿಸಬಾರದು. ಹಳೆಯದರ ಮುಕ್ಕಾಲು ಪಾಲಿಗೆ ಹೊಸದರ ಕಾಲು ಪಾಲು, ಎರಡು ದಿನಗಳ ಮೇಲೆ ಅರ್ಧಕ್ಕರ್ಧ, ಹೀಗೆ ಒಂದು ವಾರದಲ್ಲಿ ಹೊಸದಕ್ಕೆ ಒಗ್ಗಿಸಬೇಕು. ಊರಿನಿಂದ ಮರಿಯನ್ನು ತರುವವರು ಅದು ಅಲ್ಲಿ ಏನನ್ನು ಉಣ್ಣುತ್ತಿತ್ತೆಂದು ಕೇಳಿ ತಿಳಿದು, ಮೊದಲ ಕೆಲವು ದಿನ ಅದನ್ನೇ ಉಣಿಸುವುದು ಜಾಣತನ. ನಾಯಿ ಊಟವನ್ನು ಆರಿಸುವುದು ನಾಲಿಗೆಯಿಂದ ಅಷ್ಟಾಗಿ ಅಲ್ಲ, ಮೂಗಿನಿಂದ. ರುಚಿಮೊಗ್ಗುಗಳ ಸಂಖ್ಯೆಯಲ್ಲಿ ಅದು ಮನುಷ್ಯನಿಗಿಂತ ಬಹಳ ಹಿಂದೆ. ವಾಸನೆಯಲ್ಲಿ ಬಹಳ ಮುಂದೆ. ಆದ್ದರಿಂದ ತಣ್ಣಗೆ ಕೊರೆಯುವ ಆಹಾರವನ್ನು ಉಗುರುಬೆಚ್ಚಗೆ ಮಾಡಿದರೆ ಕಂಪು ಎದ್ದು ಹಸಿವು ಕೆರಳುತ್ತದೆ. ಉಪ್ಪು, ಖಾರ, ಒಗ್ಗರಣೆಗಳ ಅಗತ್ಯ ಅದಕ್ಕಿಲ್ಲ.

ಎಲ್ಲಕ್ಕಿಂತ ಮಿಗಿಲಾದ ವ್ಯಂಜನ ಓಟ. ಮುಂಜಾವದ ತಂಪಿನಲ್ಲಿ ಬೇಲಿ ಹಾಕಿದ ಬಯಲಿನಲ್ಲಿ ಓಡಿ ಬಂದ ನಾಯಿ ರೊಟ್ಟಿಯನ್ನು ಬಿಡುವುದು ಕಡಿಮೆ. ಆದರೆ ಓಡಿ ಬಂದೊಡನೆ ಉಣಿಸಬಾರದು, ಉಂಡೊಡನೆ ಓಡಿಸಲೂಬಾರದು. ನಡುವೆ ಗಂಟೆ ಹೊತ್ತಿನ ವಿಶ್ರಾಂತಿ ಇರಬೇಕು. ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆಯುಬ್ಬರಿಸಿ ಜಠರವೇ ತಿರುಚಿಕೊಂಡು ಪ್ರಾಣಾಪಾಯವಾಗುವ ಸಂಭವ ಉಳಿದವುಗಳಿಗಿಂತ ಹೆಚ್ಚು.

ಒಲ್ಲೆನೆಂಬುದರ ಎರಡು ಅರ್ಥಗಳು

ಇಷ್ಟನ್ನು ಹೇಳಿದ ಮೇಲೆ ಇದಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ನಾಯಿಗೆ ಮಾತಿಲ್ಲ. “ಈ ರುಚಿ ನನಗೆ ಬೇಡ” ಎನ್ನುವುದಕ್ಕೂ, “ನನಗೆ ಮೈಯಲ್ಲಿ ಸರಿಯಿಲ್ಲ” ಎನ್ನುವುದಕ್ಕೂ ಅದರ ಬಳಿ ಇರುವುದು ಒಂದೇ ಭಾಷೆ—ಬಟ್ಟಲಿನಿಂದ ಮುಖ ತಿರುಗಿಸುವುದು. ಮೊದಲನೆಯದನ್ನು ಎರಡನೆಯದೆಂದು ತಿಳಿದರೆ ನಷ್ಟ ಒಂದಷ್ಟು ತುಪ್ಪದನ್ನ ಮಾತ್ರ. ಎರಡನೆಯದನ್ನು ಮೊದಲನೆಯದೆಂದು ತಿಳಿದರೆ ನಷ್ಟ ನಾಯಿಯ ಜೀವ. ದಿನವೂ ತಕರಾರು ಮಾಡುವ ನಾಯಿಯ ಮನೆಯಲ್ಲಿಯೇ ಈ ಎರಡನೆಯ ತಪ್ಪು ಸುಲಭವಾಗಿ ನಡೆಯುತ್ತದೆ. “ಅದರ ಚಾಳಿಯೇ ಹಾಗೆ” ಎಂದು ಸುಮ್ಮನಾಗುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ.

ದಕ್ಷಿಣದ ಹವೆಯಲ್ಲಿ ಉಣ್ಣಿಹುಳುಗಳ ಕಡಿತದಿಂದ ಹರಡುವ ಜ್ವರ ಸಾಮಾನ್ಯ. ಅದರ ಮೊದಲ ಲಕ್ಷಣಗಳಲ್ಲಿ ಊಟ ಬಿಡುವುದೂ ಮಂಕಾಗಿ ಮಲಗುವುದೂ ಸೇರಿವೆ. ಒಸಡು ಬಿಳಿಚುವುದು, ಮೂಗಿನಿಂದ ರಕ್ತ ಬರುವುದು ಆಮೇಲಿನ ಮಾತು. ಲಸಿಕೆ ಹಾಕಿಸದ ಮರಿಯಲ್ಲಿ ಊಟ ಬಿಟ್ಟು, ವಾಂತಿ, ರಕ್ತಭೇದಿಗಳು ತೊಡಗಿದರೆ ಅದು ಪಾರ್ವೊ ರೋಗವಾಗಿರಬಹುದು. ಆಗ ಗಂಟೆಗಳೂ ಅಮೂಲ್ಯ. ಹಲ್ಲುನೋವಿನ ನಾಯಿ ಬಟ್ಟಲಿನವರೆಗೆ ಆಸೆಯಿಂದ ಬಂದು, ಒಂದು ತುತ್ತು ಕಚ್ಚಿ, ಕೆಡವಿ ಹೋಗುತ್ತದೆ. ಬೇಸಿಗೆಯ ಉರಿಯಲ್ಲಿ ಎಲ್ಲ ನಾಯಿಗಳೂ ತುಸು ಕಡಿಮೆ ಉಣ್ಣುತ್ತವೆ, ಅದು ಸಹಜ.

ಹಾಗಾದರೆ ಗುರುತಿಸುವ ಬಗೆ? ಬಿಂಕದ ನಾಯಿ ಊಟವನ್ನು ಬಿಟ್ಟರೂ ಆಟವನ್ನು ಬಿಡದು. ಕಣ್ಣಿನಲ್ಲಿ ಕಾಂತಿಯಿರುತ್ತದೆ, ಬಾಗಿಲ ಸಪ್ಪಳಕ್ಕೆ ಕಿವಿ ನಿಮಿರುತ್ತದೆ, ಪ್ರಿಯವಾದ ತುಣುಕನ್ನು ತೋರಿಸಿದರೆ ಬಾಯಿ ನೀರೂರುತ್ತದೆ. ರೋಗದ ನಾಯಿ ಪ್ರಿಯವಾದುದನ್ನೂ ಒಲ್ಲದು. ಪ್ರಾಯದ ನಾಯಿ ಒಂದು ಪೂರ್ಣ ದಿನ ಏನನ್ನೂ ಮುಟ್ಟದಿದ್ದರೆ, ನೀರನ್ನೂ ಬಿಟ್ಟರೆ, ವಾಂತಿ ಜ್ವರಗಳು ಕಂಡರೆ, ಪಶುವೈದ್ಯರಲ್ಲಿಗೆ ಒಯ್ಯಬೇಕು; ಮರಿಯಾದರೆ ಅಷ್ಟೂ ಕಾಯಬಾರದು. ಪಕ್ಕೆಲುಬು ಕಾಣುವುದು ಮುಧೋಳದ ನಾಯಿಗೆ ಲಕ್ಷಣ. ತೊಡೆಯ ಸ್ನಾಯು ಕರಗುವುದು, ತಿಂಗಳಿಂದ ತಿಂಗಳಿಗೆ ತೂಕ ಇಳಿಯುವುದು ಲಕ್ಷಣವಲ್ಲ, ಕಾಯಿಲೆ. ತಿಂಗಳಿಗೊಮ್ಮೆ ತೂಗಿ ಬರೆದಿಟ್ಟವರಿಗೆ ಈ ಎರಡರ ಗೊಂದಲವಿಲ್ಲ.

ಉಪಚಾರದ ಭರದಲ್ಲಿ ವಿಷವನ್ನು ಉಣಿಸದಿರುವ ಎಚ್ಚರವೂ ಬೇಕು. ಈರುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತದೆ. ಚಾಕೊಲೇಟು ಹೃದಯಕ್ಕೂ ನರಗಳಿಗೂ ಕೇಡು. ನೆರೆಯ ವಿಜಯಪುರದ ಸೀಮೆ ದ್ರಾಕ್ಷಿ, ಒಣದ್ರಾಕ್ಷಿಗಳಿಗೆ ಹೆಸರಾದುದು. ಅತಿಥಿಗೆ ಹಿಡಿ ತುಂಬ ಕೊಡುವ ಆ ಸವಿಯಾದ ಫಲ ನಾಯಿಗೆ ಮಾತ್ರ ಮೂತ್ರಪಿಂಡಗಳನ್ನು ಕೆಡಿಸಬಲ್ಲ ವಿಷ. ಬೇಯಿಸಿದ ಕೋಳಿಯ ಮೂಳೆ ಸಿಬಿರೊಡೆದು ಕರುಳನ್ನು ಚುಚ್ಚಬಲ್ಲುದು.

ತಿಮ್ಮಾಪುರದಲ್ಲಿ

ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಶುದ್ಧತೆಯನ್ನು ಕಾಯುವುದು, ಮರಿಗಳನ್ನು ಬೆಳೆಸಿ ಹಂಚುವುದು, ಸಾಕುವವರಿಗೆ ತಿಳಿವಳಿಕೆ ನೀಡುವುದು ಅದರ ಕಾರ್ಯ. ಅಂಚೆ ಇಲಾಖೆ ೨೦೦೫ರಲ್ಲಿ ದೇಶೀಯ ನಾಯಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರತಂದಾಗ ರಾಜಪಾಳಯಂ, ರಾಂಪುರ, ಹಿಮಾಲಯದ ನಾಯಿಗಳ ಜೊತೆಗೆ ಮುಧೋಳಕ್ಕೂ ಸ್ಥಾನ ದೊರೆಯಿತು. ೨೦೧೬ರಲ್ಲಿ ಮರಿಗಳು ಸೈನ್ಯದ ಪರೀಕ್ಷೆಗಾಗಿ ಮೀರತ್ತಿನ ತರಬೇತಿ ಕೇಂದ್ರಕ್ಕೆ ಹೋದವು. ೨೦೨೦ರಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ದೇಶೀಯ ತಳಿಗಳನ್ನು ಸಾಕಿರೆಂದು ಕರೆಕೊಟ್ಟಾಗ ಮುಧೋಳದ ಹೆಸರನ್ನೂ ಎತ್ತಿದರು.

ಕೀರ್ತಿಯ ಜೊತೆಗೆ ಕುತ್ತೂ ಬರುತ್ತದೆ. ಓಟಕ್ಕಾಗಿ ಹುಟ್ಟಿದ ಪ್ರಾಣಿ ಮಾಳಿಗೆಯ ಮನೆಯ ಮೊಗಸಾಲೆಯಲ್ಲಿ ಸರಪಳಿ ಕಟ್ಟಿಸಿಕೊಂಡು, ಬಿಸ್ಕತ್ತುಗಳಿಂದ ಮೈತುಂಬಿಕೊಂಡರೆ ಉಳಿಯುವುದು ಹೆಸರು ಮಾತ್ರ, ತಳಿಯಲ್ಲ. ಅಮೆರಿಕದಲ್ಲಿ ೪೮ ಲ್ಯಾಬ್ರಡಾರ್ ನಾಯಿಗಳನ್ನು ಮರಿತನದಿಂದ ಮರಣದವರೆಗೆ ಗಮನಿಸಿ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜೊತೆಯ ನಾಯಿಗಿಂತ ಕಾಲುಪಾಲು ಕಡಿಮೆ ಉಂಡ ನಾಯಿಗಳು ಅವಕ್ಕಿಂತ ಸುಮಾರು ಒಂದು ವರ್ಷ ಹತ್ತು ತಿಂಗಳು ಹೆಚ್ಚು ಬದುಕಿದವು. ಕೀಲುಗಳ ಬೇನೆಯೂ ಅವಕ್ಕೆ ತಡವಾಗಿ ಬಂದಿತು. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂದ ಹಿರಿಯರ ಮಾತು ಶ್ವಾನಕುಲಕ್ಕೂ ಅನ್ವಯಿಸುತ್ತದೆಯೆಂದು ಆ ಪಂಡಿತರು ಅರಿಯದೆಯೇ ಸಾಧಿಸಿದಂತಾಯಿತು.

ನಾಯಿಗೆ ಸಲ್ಲಬೇಕಾದುದು

ನಾಯಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವುದರಲ್ಲಿ ಕನ್ನಡನಾಡು ಹಿಂದೆ ಬಿದ್ದುದಲ್ಲ. ರನ್ನನು ಮುಧೋಳದಲ್ಲಿ ಹುಟ್ಟಿದನೆನ್ನಲಾದ ವರ್ಷ ಕ್ರಿಸ್ತಶಕ ೯೪೯. ಸರಿಸುಮಾರು ಅದೇ ವೇಳೆಗೆ, ದೂರದ ದಕ್ಷಿಣದಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಾಯಿಯೊಂದಕ್ಕೆ ಕಲ್ಲು ನೆಡಲಾಯಿತು. ಗಂಗರ ಬೂತುಗನ ವೀರನಾದ ಮಣಲೇರನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದು, ಮೆಚ್ಚಿದ್ದನ್ನು ಬೇಡೆಂದ ಒಡೆಯನಲ್ಲಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು. ಎರಡೂ ಒಟ್ಟಿಗೆ ಮಡಿದವು. ಹಂದಿಯೊಡನೆ ಸೆಣಸುವ ನಾಯಿಯ ಚಿತ್ರವನ್ನು ಹೊತ್ತ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಭೂಮಿಯನ್ನು ದತ್ತಿ ಬಿಟ್ಟು, ಪೂಜೆಗೆ ಗೊರವನೊಬ್ಬನನ್ನು ನೇಮಿಸಿ, ಒಂದು ಕಟ್ಟಳೆಯನ್ನೂ ವಿಧಿಸಲಾಯಿತು: ಆ ಕಲ್ಲನ್ನು ಪೂಜಿಸದೆ ಗೊರವನು ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದು.

ನಾಯಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆಯೇ ಮನುಷ್ಯನ ಊಟ ಎಂಬುದು ಆ ಶಾಸನದ ಧ್ವನಿ. ಮುಧೋಳದ ನಾಯಿಗೆ ಸಲ್ಲಬೇಕಾದುದು ತುಪ್ಪದನ್ನವಲ್ಲ. ವೇಳೆಗೆ ಸರಿಯಾಗಿ ಹಿತಮಿತವಾದ ಒಂದು ಬಟ್ಟಲು, ಕಾಲು ಚಾಚಿ ಓಡಲು ಒಂದು ಬಯಲು, ಒಲ್ಲೆನೆಂದಾಗ ಏಕೆಂದು ನೋಡಿ ತಿಳಿಯುವ ಎರಡು ಕಣ್ಣು—ಇಷ್ಟನ್ನೇ ಅದು ಬಯಸುವುದು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಬಾಯಿಪಾಠ ಮಾಡಿದ ಜನ, ಹಾಗೆಯೇ ಬದುಕುವ ಪ್ರಾಣಿಯೊಂದು ಬಟ್ಟಲನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದಾಗ ಕೂಡಲೇ ತುಪ್ಪದ ಮಿಳ್ಳೆಗೆ ಕೈ ಹಾಕದಿದ್ದರೆ ಸಾಕು.